ಅರ್ಥವಿಲ್ಲದ ಸದ್ದು

ತುಂಗಭದ್ರೆಯ ಎಡದಂಡೆ
ಪರಾಭವ ಸಂವತ್ಸರ, ಶ್ರಾವಣ ಶುದ್ಧ ಪಂಚಮಿ
ಕ್ರಿ.ಶ. ೨೨೦೬

ಮಿದುಳಿನ ಚಿತ್ರಗಳನ್ನು ಓದುವ ವಿದ್ಯೆ ಕಲಿಯಲು ಇಂದು ಒಂದೆಡೆ ಸೇರಿರುವ ಕಿರಿಯ ವೈದ್ಯರ ಸಭೆಗೆ ನಮಸ್ಕಾರ. ಮುಂದಿನ ಸಾಲಿನಲ್ಲಿ ಕುಳಿತಿರುವ ಹಿರಿಯರಿಗೆ ಮೊದಲು ನನ್ನ ಕೃತಜ್ಞತೆ ಸಲ್ಲಬೇಕು. ತಲೆಬುರುಡೆಯನ್ನು ತೆರೆಯದೆಯೇ ಒಳಗಿನ ರಕ್ತದ ಹರಿವನ್ನು ಕಾಣುವುದನ್ನು ಕಲಿಸಿದವರು ನೀವು. ಲಕ್ವ ಹೊಡೆದವರನ್ನು ಮನೆಯಲ್ಲಿಟ್ಟು ಎಣ್ಣೆ ತಿಕ್ಕುತ್ತ ಕೂರಬೇಡಿ, ಕೂಡಲೇ ಕರೆತನ್ನಿ ಎಂದು ಊರೂರು ಅಲೆದು ಹೇಳಿದವರೂ ನೀವೇ. ನನ್ನ ಗುರುಗಳಾದ ಡಾಕ್ಟರ್ ಫಕ್ರುದ್ದೀನ್ ಹುಣಸಗಿಯವರಿಗೆ ವಿದ್ಯೆ ಬಂದ ಪರಂಪರೆಯ ಮೊದಲಿಗರು ಈ ಸಭೆಯ ಹಿಂದಿನ ಬೆಂಚಿನಲ್ಲೇ ಆಕಳಿಸುತ್ತ ಕುಳಿತಿರಬಹುದು. ಅವರಿಗೂ ನನ್ನ ವಂದನೆ.

ಮೇಲಿನ ತಾರೀಖನ್ನು ಕಂಡು ನಗಬೇಡಿ. ನಿಮ್ಮ ಪರಾಭವ ಸಂವತ್ಸರವೇ ಮೂರು ಸುತ್ತು ತಿರುಗಿ, ನೂರ ಎಂಬತ್ತು ವರುಷಗಳ ಮೇಲೆ, ನಮ್ಮ ಬಾಗಿಲಿಗೆ ಬಂದಿದೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಬಳಸಿದಲ್ಲೇ ಅವನ್ನು ಬಿಡಿಸಿ ಹೇಳುತ್ತೇನೆ. ನಾನು ನೀಲಗಂಗಾ ಹೂಗಾರ, ನರರೋಗದ ವೈದ್ಯೆ. ಪ್ರಾಯದಿಂದ ಮುಪ್ಪಿನವರೆಗೆ ಮಿದುಳಿನ ಚಿತ್ರಗಳ ಮುಂದೆಯೇ ಕುಳಿತವಳು. ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆಂದು ವಿವರಿಸಲು ನನಗೆ ತಿಳಿಯದು. ಮುಟ್ಟುತ್ತದೆ ಎಂದು ಬಲ್ಲವರು ಹೇಳಿದ್ದಾರೆ; ಹೆದರಿದವಳಿಗೆ ಅಷ್ಟು ಸಾಕು.

ನಮ್ಮ ದಿನಗಳು ಹೇಗಿವೆಯೆಂದು ಮೊದಲು ಹೇಳುತ್ತೇನೆ, ಏಕೆಂದರೆ ಅವು ನಿಮ್ಮ ದುಡಿಮೆಯಿಂದಲೇ ಆದವು. ನಮ್ಮ ಪ್ರತಿ ಮನೆಯಲ್ಲೂ ಕಾವಲುದಿಂಬು ಎಂಬುದಿದೆ. ನೋಡಲು ಸಾಮಾನ್ಯ ತಲೆದಿಂಬು. ನಾವು ನಿದ್ದೆಹೋದಾಗ ಅದು ಮಿದುಳಿನ ನಾಳಗಳನ್ನು ಆಲಿಸುತ್ತಿರುತ್ತದೆ, ಎಲ್ಲಾದರೂ ಹರಿವು ತಡವರಿಸಿದರೆ ಮನೆಯವರನ್ನು ಎಬ್ಬಿಸುತ್ತದೆ. ಬೆಳಿಗ್ಗೆ ಎದುರಾದ ನೆರೆಯವರನ್ನು ನೀವು ತಿಂಡಿ ಆಯಿತೇ ಎಂದು ಕೇಳುವಂತೆ ನಾವು ದಿಂಬು ಏನಂತು ಎಂದು ಕೇಳುತ್ತೇವೆ. ಏನೂ ಅನ್ನಲಿಲ್ಲ ಎಂಬುದೇ ಒಳ್ಳೆಯ ಉತ್ತರ. ಮದುವೆಯಲ್ಲಿ ತವರಿನವರು ಜೋಡಿ ದಿಂಬು ಕೊಡುತ್ತಾರೆ. ಬೀಗರಲ್ಲಿ ಮನಸ್ತಾಪವಾದರೆ ದಿಂಬಿನ ಹತ್ತಿ ಹಳೆಯದೆಂದು ಆಡಿಕೊಳ್ಳುತ್ತಾರೆ. ಶಾಲೆಯ ಮಕ್ಕಳು ಪಾಠ ಒಪ್ಪಿಸಲಾರದ ಗೆಳೆಯನನ್ನು, ನಿನ್ನ ದಿಂಬು ರಾತ್ರಿಯಿಡೀ ತಲೆ ಹುಡುಕಿತಂತೆ ಎಂದು ರೇಗಿಸುತ್ತಾರೆ.

ಎಚ್ಚರದಲ್ಲಿದ್ದಾಗ ಲಕ್ವದ ಹೊಡೆತ ಬಿದ್ದವರನ್ನು ಹರಿವಿನ ಮನೆ ಎಂಬ ಆಸ್ಪತ್ರೆಗೆ ಕರೆತರುತ್ತಾರೆ. ನಾನು ಕೆಲಸ ಮಾಡುವುದು ಅಲ್ಲಿ. ರೋಗಿಯ ಮಿದುಳಿನ ಚಿತ್ರ ತೆಗೆದೊಡನೆ ಅದನ್ನು ನಮಗಿಂತ ಮೊದಲು ಒಂದು ಯಂತ್ರ ಓದುತ್ತದೆ; ಅದನ್ನು ಓದುಗ ಎನ್ನುತ್ತೇವೆ. ಬದುಕಿರುವ ಭಾಗಕ್ಕೆ ಅದು ಹಸಿರು ಬಳಿಯುತ್ತದೆ, ಸತ್ತ ಭಾಗಕ್ಕೆ ಕಪ್ಪು. ಇವೆರಡರ ನಡುವೆ, ರಕ್ತ ಸಾಲದೆ ಸುಮ್ಮನಾದರೂ ಇನ್ನೂ ಸಾಯದ ಒಂದು ಅಂಚು ಇರುತ್ತದೆ. ಅದಕ್ಕೆ ಬೂದುಬಣ್ಣ. ಅದನ್ನು ನೀವು ಅರೆನೆರಳು ಎಂದು ಕರೆದಿದ್ದೀರಿ. ನಾವೂ ಆ ಹೆಸರನ್ನೇ ಉಳಿಸಿಕೊಂಡಿದ್ದೇವೆ. ನಿಮ್ಮಲ್ಲಿ ಅರೆನೆರಳು ಕೆಲವು ಗಂಟೆಗಳಲ್ಲಿ ಕಪ್ಪಾಗುತ್ತದೆ. ನಾನು ಮತ್ತು ನನ್ನ ಶಿಷ್ಯರು ಆಯುಷ್ಯ ಸವೆಸಿ ಕಂಡುಕೊಂಡ ತಡೆಮದ್ದು ಅದನ್ನು ಕೆಲವು ದಿನಗಳವರೆಗೆ ಹಿಡಿದು ನಿಲ್ಲಿಸುತ್ತದೆ. ಅಷ್ಟರೊಳಗೆ ಮುಚ್ಚಿದ ಕಿರುನಾಳಗಳನ್ನು ತೆರೆಯಬೇಕು. ಆದರೆ ಸತ್ತ ಭಾಗಕ್ಕೆ ರಕ್ತ ಬಿಟ್ಟರೆ ನಾಳ ಒಡೆದು, ಉಳಿದಿರುವ ಜೀವವೂ ಹೋಗುತ್ತದೆ. ಆದ್ದರಿಂದ ಕಪ್ಪಿಗೆ ಕೈ ಹಾಕಬಾರದೆಂಬುದು ನಮ್ಮ ಕಟ್ಟಳೆ.

ಓದುಗನಿಗೆ ಈ ವಿವೇಕ ಬಂದದ್ದು ಕಣಜದಿಂದ. ನಿಮ್ಮ ಕಾಲದಿಂದ ಇಂದಿನವರೆಗೆ ಕೂಡಿಟ್ಟ ಮಿದುಳಿನ ಚಿತ್ರಗಳ, ರೋಗಿಗಳ ಮಾತುಗಳ ರಾಶಿಗೆ ನಾವು ಕಣಜವೆನ್ನುತ್ತೇವೆ. ಚಿತ್ರ ಸ್ಪಷ್ಟವಾಗಿದ್ದರೆ ಓದುಗ ಚಿತ್ರವನ್ನೇ ನಂಬುತ್ತದೆ. ಅನುಮಾನ ಬಂದರೆ ರೋಗಿಯನ್ನು ಮಾತಾಡಿಸಿ, ಬಂದ ಮಾತನ್ನು ಕಣಜದಲ್ಲಿರುವ ಮಾತುಗಳೊಡನೆ ಹೋಲಿಸಿ, ಅರ್ಥವಿದ್ದರೆ ಜೀವವಿದೆ, ಇಲ್ಲದಿದ್ದರೆ ಸತ್ತಿದೆ ಎಂದು ತೀರ್ಮಾನಿಸುತ್ತದೆ.

ಮೊನ್ನೆ ನನ್ನ ಶಿಷ್ಯೆ ಸೋಮ್ಲಿ ಚವ್ಹಾಣಳಿಗೆ ಹೊಡೆತ ಬಿತ್ತು. ಅವಳಿನ್ನೂ ಮೂವತ್ತು ದಾಟದವಳು. ನಮ್ಮಲ್ಲಿ ಬಣ್ಣ ಬಳಿಯದ ಬರಿಯ ಚಿತ್ರವನ್ನು ಕಣ್ಣಿನಿಂದಲೇ ಓದಲು ಆಸೆಪಡುವ ಹುಡುಗರು ಕಡಿಮೆ. ಅವಳು ಹಟ ಹಿಡಿದು ಕಲಿತವಳು. ನಾನು ಕನ್ನಡಕ ಹುಡುಕುವಾಗಲೆಲ್ಲ, ಮೇಡಂ ಅವರ ಕಣ್ಣಿಗೂ ಒಂದು ಕಾವಲುದಿಂಬು ಹೊಲಿಸಬೇಕು ಎಂದು ಗೆಳೆಯರ ಮುಂದೆ ಹಾಸ್ಯ ಮಾಡುತ್ತಿದ್ದಳು. ಕಿರಿಯರಿಗೆ ಚಿತ್ರವೊಂದನ್ನು ತೋರಿಸುತ್ತ ಚಹಾ ಕುಡಿಯುತ್ತಿದ್ದಾಗ ಬಲಗೈಯಿಂದ ಲೋಟ ಜಾರಿತು. ಅವಳು ಆ ಕೈಯನ್ನು ಪಕ್ಕದಲ್ಲಿ ಕುಳಿತ ಯಾರದೋ ಕೈಯನ್ನು ನೋಡುವಂತೆ ನೋಡಿದಳು.

ದೊಡ್ಡ ನಾಳವನ್ನು ಕೂಡಲೇ ತೆರೆದು ತಡೆಮದ್ದು ಕೊಟ್ಟೆವು. ಮಾತಿನ ಭಾಗಕ್ಕೆ ಹೋಗುವ ಕಿರುನಾಳಗಳು ಮಾತ್ರ ಮುಚ್ಚಿಕೊಂಡೇ ಇದ್ದವು. ಓದುಗ ಅಲ್ಲಿ ಬೂದುಬಣ್ಣ ಬಳಿದು, ಅನುಮಾನಿಸಿ, ಅವಳನ್ನು ಮಾತಾಡಿಸಿತು. ಹೂವು ತೋರಿಸಿತು, ಕೊಡೆ ತೋರಿಸಿತು. ಅವಳ ತುಟಿ ಅಲುಗಲಿಲ್ಲ. ಆಮೇಲೆ ಅವಳು ಬಾಗಿಲ ಕಡೆ ಕಣ್ಣು ಹೊರಳಿಸಿ, ಯಾಡಿ ಎಂದಳು. ಸ್ವಲ್ಪ ತಡೆದು, ಯಾಡಿ, ಪಾಣಿ ಎಂದಳು. ಅರ್ಥವಿಲ್ಲದ ಸದ್ದು ಎಂದು ಓದುಗ ಬರೆಯಿತು. ನಾನು ನೋಡುತ್ತಿದ್ದಂತೆಯೇ ಬೂದುಬಣ್ಣವೆಲ್ಲ ಕಪ್ಪಾಯಿತು.

ಬಾಗಿಲಲ್ಲಿ ನಿಂತಿದ್ದವರು ಅವಳ ತಾಯಿ ಕೇಸಿಬಾಯಿ. ಸುದ್ದಿ ತಿಳಿದು ತಾಂಡಾದಿಂದ ಆಗ ತಾನೇ ಬಂದಿದ್ದರು. ಯಂತ್ರ ಏನು ಹೇಳಿತೆಂದು ನನ್ನನ್ನು ಕೇಳಿದರು, ಹೇಳಿದೆ. ಅವರು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ಅಂದರು: “ಅಕಿ ನನ್ನ ಕರ್ಯಾಕತ್ತಾಳ್ರಿ, ಡಾಕ್ಟರಮ್ಮ. ನೀರು ಕೇಳಾಕತ್ತಾಳ. ನಾ ಅಕಿ ಅವ್ವ, ಅದಕ್ಕೂ ಅರ್ಥ ಬೇಕೇನ್ರಿ?”

ಲಂಬಾಣಿಯಲ್ಲಿ ಯಾಡಿ ಎಂದರೆ ಅವ್ವ. ನಮ್ಮ ಊರಿನ ಸುತ್ತ ಎಷ್ಟು ತಾಂಡಾಗಳಿವೆ, ದಿನವೂ ಎಷ್ಟು ಮಕ್ಕಳು ಆ ಮಾತಿನಿಂದ ತಾಯಿಯನ್ನು ಕೂಗುತ್ತಾರೆ. ಆದರೂ ಅದು ಓದುಗನ ಕಿವಿಗೆ ಬಿದ್ದಿಲ್ಲ. ಕಾರಣ ಹುಡುಕುತ್ತ ಕಣಜದ ತಳದವರೆಗೆ ಇಳಿದೆ. ತಾಂಡಾದವರು, ಸೋಲಿಗರು, ಕೊರಗರು, ಬ್ಯಾರಿ ಮಾತಾಡುವವರು, ಎಲ್ಲರ ಚಿತ್ರಗಳೂ ಅಲ್ಲಿವೆ. ನಿಮ್ಮಲ್ಲಿ ಯಾರೋ ಅವರನ್ನು ಕನ್ನಡ ಬರುತ್ತದೆಯೇ ಎಂದು ಕೇಳಿದ್ದೀರಿ. ಬರುತ್ತದೆ ಎಂದಿದ್ದಾರೆ. ನಿಜವಾಗಿಯೂ ಬರುತ್ತಿತ್ತು, ಸಂತೆಯಲ್ಲಿ, ಶಾಲೆಯಲ್ಲಿ, ನಿಮ್ಮೆದುರಿನಲ್ಲಿ ಅವರು ಆಡಿದ್ದೆಲ್ಲ ಕನ್ನಡವೇ. ನಿಮ್ಮ ಪ್ರಶ್ನೆ ಅಲ್ಲಿಗೆ ನಿಂತಿದೆ, ಆಮೇಲೆ ಬಂದ ನಾವೂ ಅದನ್ನೇ ಕೇಳುತ್ತ ಬಂದಿದ್ದೇವೆ. ಹೊಡೆತ ಬಿದ್ದಾಗ ಆಮೇಲೆ ಕಲಿತ ಮಾತು ಮುಳುಗಿ, ಕೆಲವರಲ್ಲಿ ತೊಟ್ಟಿಲ ಮಾತೊಂದೇ ಮೇಲೆ ತೇಲಿದೆ. ಅದನ್ನು ಬರೆದುಕೊಳ್ಳುವವರು ಅರ್ಥವಿಲ್ಲದ ಸದ್ದು ಎಂದು ಬರೆದುಕೊಂಡಿದ್ದಾರೆ. ಆ ರೋಗಿಗಳು ಮನೆಗೆ ಹೋದ ಮೇಲೆ ಮತ್ತೆ ಮಾತಾಡಿದರೇ ಎಂದು ಯಾರೂ ಹೋಗಿ ನೋಡಿಲ್ಲ. ಇದರಲ್ಲಿ ಯಾರ ಕೇಡುಬುದ್ಧಿಯೂ ಇಲ್ಲ ಎಂದು ನನಗೆ ಗೊತ್ತು. ಹೊರಗೆ ಸಾಲು ನಿಂತಿತ್ತು, ನಿಮಗೆ ಹಸಿವಾಗಿತ್ತು.

ಮಕ್ಕಳೇ, ನನ್ನ ಭಯ ಇಷ್ಟು. ನಾಳೆ ಬೆಳಿಗ್ಗೆ ತಡೆಮದ್ದಿನ ಹಿಡಿತ ಸಡಿಲವಾಗುತ್ತದೆ. ನನ್ನ ಗುರುಗಳು ಕಲಿಸಿದಂತೆ ಬಣ್ಣಗಳನ್ನೆಲ್ಲ ತೆಗೆದು ಬರಿಯ ಚಿತ್ರವನ್ನು ನೋಡಿದ್ದೇನೆ. ನನಗೆ ಕಾಣುವುದು ಅರೆನೆರಳು. ಹಾಗಿದ್ದರೆ ನಾಳ ತೆರೆಯಬೇಕು. ತೆರೆಯದಿದ್ದರೆ ಆ ಹುಡುಗಿಯ ಮಾತು ಎಂದೆಂದಿಗೂ ಮುಚ್ಚಿಹೋಗುತ್ತದೆ. ಆದರೆ ನನ್ನ ಕಣ್ಣಿಗೆ ವಯಸ್ಸಾಗಿದೆ. ಅದಕ್ಕಿಂತ ಹೆಚ್ಚಾಗಿ, ನಾನು ಅವಳನ್ನು ಮಗಳಂತೆ ಕಂಡವಳು. ಪ್ರೀತಿ ತುಂಬಿದ ಕಣ್ಣು ಕಪ್ಪನ್ನೂ ಬೂದುಬಣ್ಣವೆಂದು ಕಂಡೀತು. ತಾಯಿಯನ್ನು ಕರೆಯುವುದು ನೋವಿಗೆ ನರಳಿದಂತೆ, ಅದು ಮಿದುಳಿನ ಬೇರೆ ಮೂಲೆಯಿಂದಲೂ ಬಂದೀತು ಎಂದು ಸಹೋದ್ಯೋಗಿಗಳು ವಾದಿಸುತ್ತಾರೆ. ಅವರ ಮಾತು ಸುಳ್ಳೆಂದು ಹೇಳಲಾರೆ. ಅವರು ಸರಿಯಾಗಿದ್ದು ನಾನು ನಾಳ ತೆರೆದರೆ, ಕೇಸಿಬಾಯಿಯ ಕಣ್ಣೆದುರೇ ಅವರ ಮಗಳು ನನ್ನ ಕೈಯಿಂದ ಹೋಗುತ್ತಾಳೆ. ಇಂಥ ಚಿತ್ರ, ಇಂಥ ಮಾತು, ಆಮೇಲೆ ಆ ಜೀವಕ್ಕೆ ಏನಾಯಿತೆಂಬ ಸುದ್ದಿ, ಈ ಮೂರೂ ಕೂಡಿದ ಒಬ್ಬನೇ ಒಬ್ಬ ಮನುಷ್ಯ ಕಣಜದಲ್ಲಿ ಸಿಕ್ಕಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ.

ಅದನ್ನು ನೀವು ಮಾಡಬಲ್ಲಿರಿ, ನಿಮ್ಮ ಕೈಯಲ್ಲಿ ಕಾಲವಿದೆ. ನಿಮ್ಮ ಯಂತ್ರಗಳು ಚಿಕ್ಕವೆಂದು ಸಂಕೋಚಪಡಬೇಡಿ. ರೋಗಿಗೆ ಕನ್ನಡ ಬರುತ್ತದೆ ಎಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ನಿಮ್ಮವ್ವನನ್ನು ಏನೆಂದು ಕರೆಯುತ್ತೀರಿ? ಅವರು ಹೇಳಲಾರದಿದ್ದರೆ ಜೊತೆಗೆ ಬಂದವರನ್ನು ಕೇಳಿ. ಆ ದನಿಯನ್ನು ಚಿತ್ರದ ಜೊತೆಗೇ ಇಡಿ. ಅರ್ಥವಾಗದಿದ್ದರೆ ನಮಗೆ ಅರ್ಥವಾಗಲಿಲ್ಲ ಎಂದೇ ಬರೆಯಿರಿ. ವರುಷ ಕಳೆದ ಮೇಲೆ ಅವರ ಮನೆಗೆ ಹೋಗಿ, ಕೊಟ್ಟ ಚಹಾ ಕುಡಿದು, ಅವರು ಮಾತಾಡುತ್ತಿದ್ದಾರೆಯೇ ಎಂದು ನೋಡಿ ಬನ್ನಿ.

ಬೆಳಗಾದೊಡನೆ ನಾನು ಕಣಜವನ್ನು ಮತ್ತೊಮ್ಮೆ ತೆರೆದು ಯಾಡಿ ಎಂಬ ಮಾತನ್ನು ಹುಡುಕುತ್ತೇನೆ. ಇವತ್ತು ಅದು ಅಲ್ಲಿಲ್ಲ. ನೀವು ಶುರುಮಾಡಿದ್ದರೆ ನಾಳೆ ಇರಬಹುದು. ಇಲ್ಲದಿದ್ದರೆ ಹೆದರಿಕೆಯನ್ನು ಹೊತ್ತುಕೊಂಡೇ ನನ್ನ ಕಣ್ಣನ್ನು ನಂಬಿ ಒಳಗೆ ಹೋಗುತ್ತೇನೆ. ಕೇಸಿಬಾಯಿಗೆ ಎರಡೂ ಅಪಾಯಗಳನ್ನು ಬಿಡಿಸಿ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ಮಕ್ಕಳೇ, ಸಭೆ ಇಲ್ಲಿಗೆ ಮುಗಿಯಲಿ. ಹೊರಗಿನ ಬೆಂಚಿನಲ್ಲಿ ಯಾರೋ ಕಾದಿದ್ದಾರೆ. ಎದ್ದು ಹೋಗಿ, ಅವರ ಅವ್ವನ ಹೆಸರಲ್ಲ, ಅವ್ವನನ್ನು ಕರೆಯುವ ಮಾತನ್ನು ಕೇಳಿ.