ಬಣ್ಣದ ವಾಸನೆ ಆಗದವರು

ಲಾಂಡ್ರಿಯ ಮೇಲಿನ ಮೂರನೆಯ ಮಹಡಿ,
ತಾರೀಕು ಹನ್ನೊಂದು, ಸೋಮವಾರ ಬೆಳಗ್ಗೆ.

ಮನೆ ಕಾಯುತ್ತಿರುವ ಯಜಮಾನರಿಗೆ,

ಸಮುದ್ರದ ಈಚೆ ದಡದಿಂದ ನಿಮ್ಮ ಹೆಂಡತಿಯ ಪ್ರೀತಿಯ ವಂದನೆಗಳು. ದೇವರ ದಯೆಯಿಂದ ನಾನು ಗಟ್ಟಿಯಾಗಿದ್ದೇನೆ, ನೀವೂ ಹಾಗೇ ಇದ್ದೀರೆಂದು ನಂಬುತ್ತೇನೆ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ ತಾನೇ? ಮಂಡಿ ಹೇಗಿದೆ? ಎಣ್ಣೆ ಬಾಟಲಿ ಅಲಮಾರಿಯಲ್ಲಿ ಹುಡುಕಬೇಡಿ, ಯಾರೋ ಬಂದರೆಂದು ನೀವೇ ಅವಸರದಲ್ಲಿ ರೇಡಿಯೋದ ಹಿಂದೆ ಬಚ್ಚಿಟ್ಟಿದ್ದನ್ನು ನಾನು ನೋಡಿದ್ದೆ, ಅಲ್ಲೇ ಇರುತ್ತದೆ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವುದು ಕಳ್ಳತನವೇನಲ್ಲ. ಸೊಸೆ ಬಡಿಸುವ ಊಟಕ್ಕೆ ಉಪ್ಪು ಕಡಿಮೆ ಎಂದು ಅವಳ ಮುಂದೆ ಹೇಳಬೇಡಿ, ಡಾಕ್ಟರು ಹೇಳಿದ ಮೇಲೆ ನಾನೇ ಅವಳಿಗೆ ಕಡಿಮೆ ಹಾಕು ಎಂದು ಹೇಳಿ ಬಂದಿದ್ದೇನೆ. ಬಯ್ಯುವುದಿದ್ದರೆ ನಾನು ಬಂದ ಮೇಲೆ ನನ್ನನ್ನೇ ಬಯ್ಯಿರಿ.

ಫೋನು ಇರುವಾಗ ಈ ಮುದುಕಿಗೆ ಕಾಗದ ಬರೆಯುವ ಚಪಲ ಯಾಕೆ ಎಂದು ಹುಬ್ಬು ಗಂಟಿಕ್ಕುತ್ತೀರಿ, ಗೊತ್ತು. ಫೋನಿನಲ್ಲಿ ನೀವು "ಹೂಂ, ಸರಿ, ಇಡ್ತೀನಿ" ಎಂಬ ಮೂರು ಮಾತಿನ ಮೇಲೆ ನಾಲ್ಕನೆಯದು ಆಡುವವರಲ್ಲ. ಕಾಗದವನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ನಮ್ಮ ಸಭೆಯಿಂದ ಬಂದ ಗುಂಪಿನ ಲೆಕ್ಕದ ಮೇಷ್ಟ್ರು ಶಾಲೆಯ ಪರೀಕ್ಷೆ ಇದೆಯೆಂದು ಒಂದು ವಾರ ಮೊದಲೇ ಹೊರಡುತ್ತಿದ್ದಾರೆ, ಇದನ್ನು ನಿಮ್ಮ ಕೈಗೇ ಕೊಡುತ್ತಾರೆ. ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ, ಒಂದು ಲೋಟ ಕಾಫಿ ಕೊಡಿಸಿ.

ನಿಮ್ಮ ಮೊಮ್ಮಗಳು ದೊರೆಸಾನಿ ಚೆನ್ನಾಗಿದ್ದಾಳೆ. ನೀವಿಟ್ಟ ಹೆಸರು ಇಲ್ಲಿ ಎಲ್ಲರ ಬಾಯಲ್ಲೂ ಬಂದುಬಿಟ್ಟಿದೆ, ಇಲ್ಲಿನ ಪಾದ್ರಿ ಸಹ ಅದು ಅವಳ ನಿಜವಾದ ಹೆಸರೆಂದೇ ತಿಳಿದಿದ್ದಾರೆ. ಇಪ್ಪತ್ತೆರಡು ವರ್ಷದ ಹುಡುಗಿ ಗುಂಪಿನ ಮುಂದಾಳು ಎಂದಾಗ ನನಗೂ ಒಳಗೊಳಗೆ ಅಳುಕಿತ್ತು. ಈಗ ಇಲ್ಲ. ವಿಮಾನ ನಿಲ್ದಾಣದಲ್ಲಿ ನಮ್ಮ ಹುಡುಗರು ದಿಕ್ಕಿಗೊಬ್ಬರಾಗಿ ಹೋದಾಗ ಕುರಿ ಮಂದೆ ಕೂಡಿದ ಹಾಗೆ ಕೂಡಿ ತಂದಳು. ನಮ್ಮ ಸಭೆಯ ಪಾದ್ರಿ ಅಯ್ಯನವರ ಹೆಂಡತಿ ಮಗಳ ಬಾಣಂತನಕ್ಕೆ ಹೋದದ್ದರಿಂದ ದೊಡ್ಡವರೊಬ್ಬರು ಜೊತೆಗಿರಲಿ ಎಂದು ನನ್ನನ್ನು ಕರೆತಂದರಲ್ಲ, ಈಗ ಯಾರಿಗೆ ಯಾರು ಕಾವಲು ಎಂಬುದೇ ತಿಳಿಯುವುದಿಲ್ಲ. ಮಲಗುವ ಮುಂಚೆ ನನ್ನ ಮಾತ್ರೆ ಎಣಿಸುವವಳು ಅವಳು.

ಆದರೆ ಒಂದು ಮಾತು ಹೇಳಿಬಿಡುತ್ತೇನೆ, ಕೋಪ ಬಂದರೆ ಬರಲಿ. ಹೊರಡುವ ದಿನ ಅವಳು ನಿಮ್ಮ ಕೋಣೆಯ ಬಾಗಿಲಲ್ಲಿ ನಿಂತು "ಅಜ್ಜಾ, ಹೋಗಿಬರ್ತೀನಿ" ಎಂದಾಗ ನೀವು ಪೇಪರಿನ ಹಿಂದಿನಿಂದ "ಆಯ್ತು" ಎಂದಿರಿ. ಶಾಲೆಯ ಪರೀಕ್ಷೆಗೆ ಹೋಗುವಾಗಲೂ ಅವಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡದೆ ಕಳಿಸಿದವರಲ್ಲ ನೀವು. ಅವಳು ಗೇಟು ದಾಟುವವರೆಗೂ ಹಿಂತಿರುಗಿ ನೋಡುತ್ತಲೇ ಇದ್ದಳು. ಗಿಟಾರನ್ನು ಮಂಚದ ಕೆಳಗೇ ಬಿಟ್ಟು ಬಂದಳು. ಯಾಕಮ್ಮಾ ಎಂದರೆ ಭಾರ ಎಂದಳು, ಅದರ ಎರಡರಷ್ಟು ಭಾರದ ನನ್ನ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು. ಅವಳು ಆರಾಧನೆಯಲ್ಲಿ ಮೊದಲ ಸಲ ಗಿಟಾರು ಬಾರಿಸಿದ ಭಾನುವಾರವೇ ನೀವು ದೇವಾಲಯಕ್ಕೆ ಬಂದ ಕೊನೆಯ ಭಾನುವಾರ. "ಆ ತಂತಿ ಕಿರುಚಾಟ ನನ್ನ ಕಿವಿಗೆ ಆಗಲ್ಲ" ಎಂದಿರಿ. ಅಷ್ಟು ವರ್ಷ ಹಾಡುಗಾರರ ಮುಂದೆ ನಿಂತು ಹಾಡಿಸಿದ ಅಜ್ಜ ತನ್ನಿಂದಲೇ ದೇವಾಲಯ ಬಿಟ್ಟರು ಎಂದು ಆ ಮಗು ಅಂದಿನಿಂದ ಒಳಗೇ ಕೊರಗುತ್ತಿದೆ. ನನಗೆ ಹೇಳಿಲ್ಲ. ಹೇಳಬೇಕೇ?

ಇರಲಿ, ಇಲ್ಲಿಯ ಸುದ್ದಿಗೆ ಬರುತ್ತೇನೆ. ಇಲ್ಲಿನ ಸಭೆಗೆ ಸ್ವಂತ ಕಟ್ಟಡವಿಲ್ಲ. ಕೆಳಗೆ ಒಂದು ದೊಡ್ಡ ಲಾಂಡ್ರಿ, ಆಸ್ಪತ್ರೆ ಹೋಟೆಲುಗಳ ಬಟ್ಟೆಯೆಲ್ಲ ಅಲ್ಲಿಗೇ ಬರುತ್ತದೆ. ಮೂರನೆಯ ಮಹಡಿಯಲ್ಲಿ ಆರಾಧನೆಯ ಕೋಣೆ, ಅದರ ಹಿಂದೆ ನಾವು ಮಲಗುವ ಎರಡು ಸಣ್ಣ ಕೋಣೆಗಳು. ಲಿಫ್ಟು ಇಲ್ಲ. ಮೆಟ್ಟಿಲು ಕಡಿದು, ಕತ್ತಲೆ, ಕೈಹಿಡಿ ಒಂದೇ ಕಡೆ. ಮೊದಲ ದಿನ ನಾನು ಪ್ರತಿ ತಿರುವಿನಲ್ಲೂ ನಿಂತು ಗೋಡೆ ನೋಡುವ ನೆಪ ಮಾಡಿ ಉಸಿರು ತೆಗೆದುಕೊಂಡೆ. ಕೆಳಗಿನ ಯಂತ್ರಗಳು ಶುರುವಾದರೆ ನೆಲ ಸಣ್ಣಗೆ ನಡುಗುತ್ತದೆ, ಇಡೀ ಕಟ್ಟಡಕ್ಕೆ ಸೋಪಿನ ವಾಸನೆ. ನಿಮ್ಮ ಶರಟುಗಳನ್ನು ತಂದಿದ್ದರೆ ಆ ಕಾಲರುಗಳಿಗೆ ಇಲ್ಲಾದರೂ ಮುಕ್ತಿ ಸಿಗುತ್ತಿತ್ತೇನೋ.

ನಾವು ಬಂದದ್ದು ಆ ಆರಾಧನೆಯ ಕೋಣೆಗೆ ಬಣ್ಣ ಹೊಡೆಯಲು ಮತ್ತು ಮಕ್ಕಳಿಗೆ ಹಾಡು, ನಾಟಕ ಕಲಿಸಲು ಎಂಬುದು ನಿಮಗೆ ಗೊತ್ತೇ ಇದೆ. "ಗೋಡೆಗೆ ಬಣ್ಣ ಬಳಿಯೋಕೆ ಸಮುದ್ರ ದಾಟಬೇಕಾ? ನಮ್ಮ ಹಿತ್ತಿಲ ಗೋಡೆ ಇಲ್ವಾ?" ಎಂದು ನೀವು ಗೊಣಗಿದ್ದೂ ನೆನಪಿದೆ. ಹುಡುಗರ ಉತ್ಸಾಹ ನೋಡಬೇಕಿತ್ತು. ಪೇಪರಿನ ಟೋಪಿ, ಹಳೆ ಪ್ಯಾಂಟು, ಕೋಲಿಗೆ ಕಟ್ಟಿದ ಬ್ರಷ್ಷು. ತಿಳಿ ನೀಲಿ ಬಣ್ಣ ಆರಿಸಲು ಅರ್ಧ ದಿನ ಜಗಳವಾಡಿದರು. ಒಂದು ಗೋಡೆ ಅರ್ಧ ಮುಗಿದಿತ್ತು, ಅಷ್ಟರಲ್ಲಿ ಕಿಟಕಿಯ ಬದಿಯಲ್ಲಿ ಹಳೆಯ ಬಣ್ಣ ಎದ್ದಿದೆಯೆಂದು ಮೇಷ್ಟ್ರು ಕೆರೆಯತೊಡಗಿದರು. ಕೆನೆ ಬಣ್ಣದ ಕೆಳಗೆ ಹಸಿರು ಬಂತು, ಹಸಿರಿನ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ಇನ್ನೊಂದು ನೀಲಿ, ನಮ್ಮದೇ ನೀಲಿ! ಕೆರೆದಷ್ಟೂ ಬಣ್ಣ, ಗೋಡೆಯೇ ಸಿಗಲೊಲ್ಲದು. ದೊರೆಸಾನಿ ಪಾದ್ರಿಯನ್ನು ಕರೆದು ಕೇಳಿದಳು. ಪಾಪ, ಸುಳ್ಳು ಹೇಳಲು ಬಾರದ ಮನುಷ್ಯ, ಕಿವಿಯವರೆಗೂ ಕೆಂಪಾದರು. ಇಲ್ಲಿನವರದೂ ನಮ್ಮದೂ ಮುರುಕು ಇಂಗ್ಲಿಷು, ಆದರೂ ಹೇಳಿದ್ದು ಸ್ಪಷ್ಟವಾಗಿ ತಿಳಿಯಿತು. "ಪ್ರತಿ ವರ್ಷ ಒಂದೊಂದು ಗುಂಪು ಬರುತ್ತೆ. ಅಷ್ಟು ದೂರದಿಂದ ಬಂದವರಿಗೆ ಏನೋ ಒಂದು ಮಾಡಿ ಹೋದ್ವಿ ಅನ್ನಿಸಬೇಕಲ್ಲ. ಅದಕ್ಕೇ ಈ ಗೋಡೆ ಬಿಟ್ಟಿರ್ತೀವಿ."

ಅಂದರೆ ಹೊಸಬರು ಬಂದಾಗ ಕೊಡಲೆಂದು ಗೋಡೆಯನ್ನೇ ತೆಗೆದಿಟ್ಟಿದ್ದಾರೆ, ಮಕ್ಕಳು ಹಟ ಮಾಡಿದರೆ ಕೈಗೆ ಚಮಚ ಕೊಟ್ಟು ಕೂರಿಸುವ ಹಾಗೆ! ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ನಿಮ್ಮ ಮಾತು ನಿಜವಾಯಿತಲ್ಲ ಎಂದು ನಗುವಿನ ನಡುವೆಯೇ ಮೈ ಉರಿಯಿತು. ದೊರೆಸಾನಿ ಮಾತ್ರ ನಗಲಿಲ್ಲ. ಬ್ರಷ್ಷು ತೊಳೆದಿಟ್ಟಳು, ಊಟಕ್ಕೆ ಬರಲಿಲ್ಲ. ಅಳುತ್ತಿದ್ದಾಳೇನೋ ಎಂದು ಹೋಗಿ ನೋಡಿದರೆ ಆರಾಧನೆಯ ಕೋಣೆಯಲ್ಲಿ ಒಬ್ಬಳೇ ಬೆಂಚುಗಳ ನಡುವೆ ಕುಳಿತಿದ್ದಾಳೆ. ನನ್ನನ್ನು ನೋಡಿ "ಅಜ್ಜೀ, ಇಷ್ಟೊಂದು ಬೆಂಚು ಯಾರಿಗೆ? ಹೋದ ಭಾನುವಾರ ಮುಂದಿನ ಎರಡು ಬೆಂಚೂ ತುಂಬಿರಲಿಲ್ಲ" ಎಂದಳು. ಅಲ್ಲಾ, ಅಷ್ಟು ವರ್ಷದಿಂದ ಬಂದು ಗೋಡೆ ನೋಡಿಕೊಂಡು ಹೋದವರಲ್ಲಿ ಒಬ್ಬರಿಗಾದರೂ ಬೆಂಚು ಕಾಣಬೇಡವೇ? ಆ ಕ್ಷಣ ಅವಳ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ನೀವಿದ್ದಿದ್ದರೆ ಪೇಪರು ಕೆಳಗಿಡುತ್ತಿದ್ದಿರಿ.

ಬರುವುದನ್ನು ಬಿಟ್ಟವರು ಯಾಕೆ ಬಿಟ್ಟರು ಎಂದು ಕೇಳಿದರೆ ಪಾದ್ರಿಯ ಹತ್ತಿರ ಒಬ್ಬೊಬ್ಬರದೂ ಒಂದೊಂದು ಕಾರಣವಿತ್ತು. ಒಬ್ಬರಿಗೆ ಕೋಣೆಯ ತಂಡಿ ಆಗದು, ಇನ್ನೊಬ್ಬರಿಗೆ ಹೊಸ ಕೀರ್ತನೆಗಳು ಹಿಡಿಸವು, ಮತ್ತೊಬ್ಬರಿಗೆ ಬಣ್ಣದ ವಾಸನೆಗೆ ತಲೆ ಸುತ್ತುತ್ತದೆ. ಈ ಬಣ್ಣದ ವಾಸನೆಯವರು ಎದುರು ಬೀದಿಯ ನೆಲಮಹಡಿಯಲ್ಲೇ ಇರುವ ನನ್ನ ವಯಸ್ಸಿನ ಹೆಂಗಸು, ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ದೊರೆಸಾನಿ ನನ್ನನ್ನೂ ಎಳೆದುಕೊಂಡು ಅವರ ಮನೆಗೆ ಹೋದಳು. ಹೆಂಗಸು ಗತ್ತಿನವರು. ಬಾಗಿಲು ತೆಗೆದು, ನಮ್ಮ ಹುಡುಗಿಯ ಮೊಣಕೈ ಮೇಲಿನ ನೀಲಿ ಕಲೆ ನೋಡಿ ಮೂಗು ಮುಚ್ಚಿಕೊಂಡು "ನೋಡಿದ್ರಾ, ಇದೇ ನನಗಾಗದ್ದು" ಎಂದರು. ನಾವು ಕುಳಿತಷ್ಟು ಹೊತ್ತೂ ಅವರು ಕುರ್ಚಿಯಿಂದ ಏಳಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದರು, ಮೇಜು ಹಿಡಿದು, ಆಮೇಲೆ ಕಪಾಟು ಹಿಡಿದು, ಆಮೇಲೆ ಚಿಲಕ ಹಿಡಿದು. ದೊರೆಸಾನಿ ಅದನ್ನು ಕಣ್ಣು ಮಿಟುಕಿಸದೆ ನೋಡಿದಳು. ಮಿಕ್ಕವರ ಮನೆಗಳಿಗೂ ಹೋಗಿಬಂದೆವು. ಕಾರಣಗಳು ಬೇರೆ ಬೇರೆ, ನಡೆಯುವ ರೀತಿ ಎಲ್ಲರದ್ದೂ ಒಂದೇ.

ಅಲ್ಲಿಂದ ನೇರ ಲಾಂಡ್ರಿಯ ಮಾಲೀಕನ ಹತ್ತಿರ ಹೋದಳು. ಭಾನುವಾರ ಬೆಳಗ್ಗೆ ಕೆಳಗೆ ಆರಾಧನೆ ಮಾಡಿಕೊಳ್ಳಬಹುದೇ ಎಂದು ಕೇಳಿಯೇಬಿಟ್ಟಳು. ಆತ ಸಭೆಯವನೂ ಅಲ್ಲ, ದೇವರು ದಿಂಡರ ಗೊಡವೆಯವನೂ ಅಲ್ಲ. ತಲೆ ಕೆರೆದುಕೊಂಡು "ಮಷೀನು ಹೇಗೂ ನಿಂತಿರುತ್ತೆ. ಕೂತ್ಕೊಳ್ಳಿ, ಆದ್ರೆ ಇಸ್ತ್ರಿ ಮೇಜಿನ ಮೇಲೆ ಯಾರೂ ಹತ್ತಬಾರದು" ಎಂದ. ಇಷ್ಟು ವರ್ಷ ಪಾದ್ರಿ ಇದನ್ನು ಕೇಳಿಯೇ ಇರಲಿಲ್ಲ. ಕಾರಣ ಹೇಳಿದವರನ್ನೆಲ್ಲ ಅವರು ನಂಬಿದ್ದರು, ಒಳ್ಳೆಯವರ ಪಾಡೇ ಅಷ್ಟು. ನಮ್ಮ ಹುಡುಗರು ಶನಿವಾರವಿಡೀ ಬೆಂಚು ಹೊತ್ತು ಇಳಿಸಿದರು. ಲಾಂಡ್ರಿಯ ಹೊಸ್ತಿಲು ಎತ್ತರವಿದೆಯೆಂದು ಅಗಲದ ಹಲಗೆ ಜೋಡಿಸಿ ಇಳಿಜಾರು ಮಾಡಿದರು. ಉಳಿದ ಬಣ್ಣವನ್ನು ಅದಕ್ಕೇ ಬಳಿದರು. ಮೇಲಿನ ಗೋಡೆ ಅರ್ಧ ನೀಲಿ, ಅರ್ಧ ಕೆನೆಯಾಗಿ ಹಾಗೇ ನಿಂತಿದೆ. ಇನ್ನು ಮುಂದೆ ಬರುವವರು ನೋಡಿ ಯಾಕೆ ಹೀಗೆ ಎಂದು ಕೇಳಲಿ.

ನಿನ್ನೆಯ ಆರಾಧನೆಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ಮಡಿಸಿಟ್ಟ ಬಿಳಿ ಹಾಸಿಗೆ ವಸ್ತ್ರಗಳ ರಾಶಿಗಳ ನಡುವೆ ಬೆಂಚುಗಳು, ಇಸ್ತ್ರಿ ಮೇಜಿನ ಮೇಲೆ ಸತ್ಯವೇದ. ಅದು ಮೇಲೆ ಹತ್ತಬಹುದು ಎಂದು ಮಾಲೀಕ ವಿನಾಯಿತಿ ಕೊಟ್ಟ. ಒಬ್ಬೊಬ್ಬರೇ ಬಂದರು, ಊರುಗೋಲಿನವರು, ಗಾಲಿಕುರ್ಚಿಯವರು, ಮಗನ ತೋಳು ಹಿಡಿದವರು. ಬೆಂಚು ಸಾಲದೆ ಬಟ್ಟೆ ಬುಟ್ಟಿಗಳನ್ನು ಬೋರಲು ಹಾಕಿ ಹುಡುಗರು ಕುಳಿತರು. ಎಲ್ಲರಿಗಿಂತ ಮೊದಲು ಬಂದವರು ಯಾರು ಗೊತ್ತೇ? ಬಸ್ಸಿನ ಅಮ್ಮ! ಹಲಗೆಯ ಪಕ್ಕದ ಬೆಂಚಿನಲ್ಲಿ, ಬಣ್ಣ ಇನ್ನೂ ಹಸಿಯಿರುವಲ್ಲಿ, ರಾಣಿಯ ಹಾಗೆ ಕುಳಿತು ಮೊದಲ ಕೀರ್ತನೆಯಿಂದ ಕೊನೆಯದರವರೆಗೆ ಗಂಟಲು ಹರಿಯುವಂತೆ ಹಾಡಿದರು. ನನಗೆ ಬಾಯಿ ಸುಮ್ಮನಿರಬೇಕಲ್ಲ, "ವಾಸನೆ ಆಗ್ತಿಲ್ವಾ?" ಎಂದೆ. ಅವರು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಕಿವಿಯಲ್ಲಿ ಹೇಳಿದರು: "ಊರಿನ ಮಕ್ಕಳನ್ನೆಲ್ಲ ಹೊತ್ತು ತಿರುಗಿದವಳು ನಾನು. ಮೆಟ್ಟಿಲು ಹತ್ತೋಕಾಗಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?"

ಆ ಮಾತು ಕೇಳಿ ನನಗೆ ಬೇರೇನೋ ಹೊಳೆಯಿತು. ಏನೆಂದು ಆಮೇಲೆ ಹೇಳುತ್ತೇನೆ.

ಇನ್ನೊಂದು ನಡೆಯಿತು. ಮೇಲಿನ ಕೀಬೋರ್ಡನ್ನು ಕೆಳಗೆ ತಂದಿರಲಿಲ್ಲ. ಹಾಡಿಗೆ ಜೊತೆ ಏನಾದರೂ ಬೇಕಲ್ಲ ಎಂದು ಮಾಲೀಕ ತನ್ನ ಮಗನ ಗಿಟಾರು ತಂದು ನಮ್ಮ ಹುಡುಗರ ಮುಂದೆ ಹಿಡಿದ. ಎಲ್ಲರೂ ದೊರೆಸಾನಿಯ ಕಡೆ ತಿರುಗಿದರು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು "ನನಗೆ ಬರಲ್ಲ" ಎಂದಳು. ಅಷ್ಟೇ. ನಮ್ಮವರಿಗೆಲ್ಲ ನಿಜ ಗೊತ್ತು, ಆದರೂ ಬರಿಗಂಟಲಲ್ಲೇ ಹಾಡು ಎತ್ತಿಕೊಂಡರು. ಅಷ್ಟು ಜನರನ್ನು ಮನೆಯಿಂದ ಹೊರಗೆ ಕರೆತಂದ ಹುಡುಗಿ, ತನ್ನ ಕೈಯನ್ನು ಬಚ್ಚಿಟ್ಟುಕೊಂಡು ನಿಂತಿದ್ದನ್ನು ನೋಡಿ ನನಗೆ ಕಣ್ಣೀರು ಬಂತು. ಸೋಪಿನ ಪುಡಿ ಕಣ್ಣಿಗೆ ಬಿತ್ತು ಎಂದೆ.

ಇದೆಲ್ಲ ನೋಡಿದ ಮೇಲೆ ಹುಡುಗರು ನಮ್ಮ ದೇವಾಲಯದ ಮುಂದಿನ ಆ ಎತ್ತರದ ಮೆಟ್ಟಿಲುಗಳ ಮಾತೆತ್ತಿದ್ದಾರೆ. ಬಂದ ಕೂಡಲೇ ಪಕ್ಕದಲ್ಲಿ ಇಳಿಜಾರು ಕಟ್ಟುವುದು, ಅದು ಮುಗಿಯುವವರೆಗೆ ಆರಾಧನೆ ಕೆಳಗಿನ ಅಂಗಳದಲ್ಲೇ ಎಂದು ಅಯ್ಯನವರಿಗೆ ಫೋನು ಮಾಡಿ ಒಪ್ಪಿಸಿಯೂ ಆಗಿದೆ. ಇದು ಯಾರೊಬ್ಬರಿಗಾಗಿ ಅಲ್ಲ, ಎಲ್ಲರಿಗಾಗಿ. ನೀವು ಸುಮ್ಮನೆ ಮೂಗು ಮುರಿಯಬೇಡಿ. ಹಿತ್ತಿಲ ಗೋಡೆಗೂ ಬಣ್ಣ ಬಳಿಸುತ್ತೇನೆ, ಅದೂ ನಿಮ್ಮ ಕೈಯಲ್ಲೇ.

ಮಗನಿಗೆ, ಸೊಸೆಗೆ ನನ್ನ ಆಶೀರ್ವಾದ. ಕೇಳಿದವರಿಗೆಲ್ಲ ವಂದನೆ, ಕೇಳದವರಿಗೂ ಒಂದಿಷ್ಟು. ನಿಮ್ಮನ್ನು ಕಾಯುವವನು ತೂಕಡಿಸುವುದಿಲ್ಲ ಎಂಬ ಧೈರ್ಯದಲ್ಲಿ ಇಲ್ಲಿ ನಿಶ್ಚಿಂತೆಯಿಂದ ಇದ್ದೇನೆ.

ಇತಿ,
ನಿಮ್ಮ ಮಾತಿನ ಮಲ್ಲಿ

ಮರೆತ ಮಾತು: ಮೇಷ್ಟ್ರು ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಆ ಕೊನೆಯ ಭಾನುವಾರ ನೀವು ದೇವಾಲಯದಿಂದ ಇಳಿದದ್ದನ್ನು ನಾನು ಹಿಂದಿನಿಂದ ನೋಡಿದ್ದೆ. ಪಕ್ಕಕ್ಕೆ ತಿರುಗಿ, ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು. ಕೆಳಗೆ ಜನ ನಿಂತಿದ್ದರು, ನಿಮ್ಮ ಮುಖ ಕೆಂಪಾಗಿತ್ತು. ಗಿಟಾರಿನ ಮೇಲಿನ ಕೋಪ ಎಂದುಕೊಂಡೆ. ನಿನ್ನೆ ಬಸ್ಸಿನ ಅಮ್ಮ ಕಿವಿಯಲ್ಲಿ ಹೇಳಿದಾಗ ತಿಳಿಯಿತು, ಅದು ತಂತಿಯೂ ಅಲ್ಲ, ಕಿರುಚಾಟವೂ ಅಲ್ಲ. ನಾನು ದೊರೆಸಾನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅದು ನಿಮ್ಮ ಬಾಯಿಂದಲೇ ಬರಬೇಕು. ಶನಿವಾರ ಸಂಜೆ ಫೋನು ಅವಳ ಕೈಗೆ ಕೊಡುತ್ತೇನೆ. "ಹೂಂ, ಸರಿ" ಬೇಡ. "ನಿನ್ನ ಗಿಟಾರಲ್ಲ ಕಣಮ್ಮಾ, ನನ್ನ ಮಂಡಿ" ಅಂದರೆ ಸಾಕು, ಆಮೇಲೆ ಬೇಕಾದರೆ ಇಟ್ಟುಬಿಡಿ. ಗಿಟಾರು ಅವಳ ಮಂಚದ ಕೆಳಗಿದೆ, ಧೂಳು ಹಿಡಿದಿರುತ್ತದೆ. ಬಗ್ಗಬೇಡಿ, ಕೊಡೆಯ ಹಿಡಿಯಿಂದ ಈಚೆಗೆ ಎಳೆದು ಒರೆಸಿಡಿ.