ಅಂಕಿತಾಳ ಮುಷ್ಟಿಯಲ್ಲಿ ನೀನು ಇಟ್ಟ ಚಾವಿ

ಅಪ್ಪಾ,

ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಓಣಿಯಲ್ಲಿ ಟೆಂಪೋ ಸದ್ದಾದರೆ ನಾನು ಇವತ್ತಿಗೂ ಬಾಗಿಲಿಗೆ ಬರುತ್ತೇನೆ. ನೀನು ಹೋಗಿ ಎರಡು ವರ್ಷವಾಯಿತು. ನನ್ನ ಕಿವಿಗೆ ಮಾತ್ರ ಇನ್ನೂ ಯಾರೂ ಹೇಳಿಲ್ಲ.

ಕಮಲಾಪುರದ ಆ ಮಧ್ಯಾಹ್ನ ನೆನಪಿದೆಯಾ? ನೀನು ಕೆಂಪು ಬಾಳೆಗೊನೆಗಳನ್ನು ನಿನ್ನ ಟೆಂಪೋಗೆ ಹೇರಿಸುತ್ತಿದ್ದೆ. ಹತ್ತು ವರ್ಷದ ನನ್ನ ಮಗಳು ಅಂಕಿತಾ ನಿಂತಲ್ಲೇ ಬಿದ್ದು ಕೈಕಾಲು ಬಡಿಯತೊಡಗಿದಳು. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಹಿಡಿಸಬೇಕೆಂದು ಯಾರೋ ಕೂಗಿದರು. ನೀನು ಟೆಂಪೋದ ಚಾವಿಯನ್ನೇ ತಂದು ಅವಳ ಮುಷ್ಟಿಯಲ್ಲಿಟ್ಟು ಒತ್ತಿ ಹಿಡಿದೆ. ಎಚ್ಚರವಾದಾಗ ಅವಳಿಗೆ ಬಿದ್ದದ್ದೇ ನೆನಪಿರಲಿಲ್ಲ. "ಚಾವಿ ಯಾಕ ಕೊಟ್ಟಿ ಮುತ್ಯಾ?" ಎಂದಳು. ಮಗು ಹೆದರಬಾರದೆಂದು ನೀನು, "ದೊಡ್ಡಾಕಿ ಆದಮ್ಯಾಲ ಗಾಡಿ ನೀನೇ ಓಡಸಾಕಿ, ಅದಕ್ಕ" ಎಂದುಬಿಟ್ಟೆ. ನಾನೂ ನಕ್ಕೆ. ಮುಂದೆ ಫಿಟ್ಸ್ ವಿಷಯ ಅವಳಿಗೆ ಗೊತ್ತಾಯಿತು, ಚಾವಿಯ ವಿಷಯ ನಾವಿಬ್ಬರೂ ಹೇಳಲಿಲ್ಲ.

ಆ ಮಾತನ್ನು ಅವಳು ಎಂಟು ವರ್ಷ ಜೋಪಾನ ಮಾಡಿದಳು. ಹದಿನೆಂಟು ತುಂಬಿದ್ದೇ ತಡ, ಲೈಸೆನ್ಸ್ ಬೇಕೆಂದು ಹಟ ಹಿಡಿದಳು. ಗುಳಿಗೆ ನುಂಗುತ್ತಿದ್ದರೂ ಹೋದ ತಿಂಗಳು ಹಾಲಿನ ಪಾತ್ರೆ ಹಿಡಿದುಕೊಂಡೇ ಬಿದ್ದಿದ್ದಳು. ಅದೇ ಹೊತ್ತಿಗೆ ಅವಳು ಸ್ಕೂಟಿಯ ಮೇಲಿದ್ದಿದ್ದರೆ, ಎದುರಿಗೆ ಯಾರದೋ ಮಗು... ಡಾಕ್ಟರು ಗಾಡಿ ಬೇಡವೆಂದೇ ಹೇಳಿದ್ದರು. ನನ್ನ ಗಂಡ ಮಾತ್ರ, "ಫಿಟ್ಸ್ ಅಂತ ಬರದು ಕೊಟ್ರ ಊರಿಗೆಲ್ಲ ಗೊತ್ತಾಗ್ತದ. ನಾಳೆ ಸಂಬಂಧ ಬರಬೇಕೋ ಬ್ಯಾಡೋ?" ಎಂದರು.

ನೆಟ್ ಸೆಂಟರಿನಲ್ಲಿ ಅರ್ಜಿ ತುಂಬುವಾತ "ಫಿಟ್ಸ್ ಏನರ ಬರ್ತಾವೇನ್ರಿ?" ಎಂದು ಕೇಳಿದ. ನನ್ನ ಗಂಡ "ಇಲ್ರಿ" ಎಂದರು. ನಾನು "ಬರ್ತಾವ್ರಿ" ಎಂದೆ. ಇಪ್ಪತ್ತು ವರ್ಷದ ಸಂಸಾರದಲ್ಲಿ ನಾಲ್ಕು ಮಂದಿಯೆದುರು ಅವರ ಮಾತಿಗೆ ಎದುರಾಡಿದ್ದು ಅದೇ ಮೊದಲು. ಅರ್ಜಿ ಅಲ್ಲಿಗೇ ನಿಂತಿತು, ನನ್ನೊಂದಿಗೆ ಮಗಳ ಮಾತೂ ನಿಂತಿತು. ಆ ದಿನಗಳಲ್ಲಿ ನೀನು ಎಷ್ಟು ಬೇಕೆನಿಸಿದೆ ಗೊತ್ತಾ? ನೀನಿದ್ದಿದ್ದರೆ ಅವಳ ತಲೆ ಸವರಿ ಏನಾದರೊಂದು ಹೇಳುತ್ತಿದ್ದೆ. ಅಥವಾ ನೀನೂ ಅವಳ ಕಣ್ಣೀರಿಗೆ ಕರಗಿ...

ನಿನ್ನೆ ಅವಳೇ ಬಂದಳು. "ಮುತ್ಯಾ ಇದ್ದಿದ್ರ ಗಾಡಿ ಕೊಡ್ತಿದ್ದ" ಎಂದಳು. ನಾನು ಆ ಮಧ್ಯಾಹ್ನದ್ದನ್ನೆಲ್ಲ ಹೇಳಿಬಿಟ್ಟೆ.

"ಹಂಗಾರ ಮುತ್ಯಾ ನನಗ ಸುಳ್ಳು ಹೇಳ್ಯಾನ."

"ಹೆದರಿದ್ದ ಅವ್ವಿ" ಎಂದೆ.

"ಮುತ್ಯಾ ಹೆದರಿದ್ನಾ?"

"ನನ್ನಷ್ಟೇ."

ಆಮೇಲೆ ಅತ್ತಳು. ಗಾಡಿಗಾಗಿ ಅಲ್ಲ, ನಿನಗಾಗಿ. ನಾನೂ ಜೊತೆಗೂಡಿದೆ.

ನಿನಗೆ ತಿಳಿಯದ ಸುದ್ದಿಯೊಂದಿದೆ. ಇವತ್ತು ಕಾಲೇಜಿಗೆ ಹೊರಡುವ ಮುಂಚೆ ಅವಳು ಗೆಳತಿಗೆ ಫೋನು ಮಾಡಿದಳು. ನಾವು ಎಂಟು ವರ್ಷ ಊರಿಂದ ಮುಚ್ಚಿಟ್ಟದ್ದನ್ನು ತನ್ನ ಅಪ್ಪನ ಎದುರೇ ನಿಂತು ಹೇಳಿದಳು: "ನನಗ ಫಿಟ್ಸ್ ಬರ್ತಾವ. ನಾ ಬಿದ್ರ ಹೆದರಬ್ಯಾಡ. ಮಗ್ಗಲಾಗಿ ಮಲಗಸು, ಏಳೋತನಕ ನನ್ನ ಬಾಜೂಕೇ ಇರು."

ನಿನ್ನ ಮಗಳು,
ಶಾಂತಾ