ಎಪ್ಪತ್ತೆರಡನೆಯ ಮೆಟ್ಟಿಲು

ಗ್ರಂಥಾಲಯದ ಓದುಕೋಣೆ
ಗುರುವಾರ, ನವೆಂಬರ್ ೧೪

ಪ್ರೀತಿಯ ಅಮ್ಮಾ,

ಮೊಣಕಾಲು ನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ನಾನು ಎದುರಿಗಿಲ್ಲವೆಂದು ಬಾಟಲಿಯನ್ನು ಕಪಾಟಿನ ಮೇಲೇ ಕೂರಿಸಿದ್ದೀಯೋ? ಮಾತ್ರೆ ತಪ್ಪಿಸಬೇಡ. ನಾನು ಚೆನ್ನಾಗಿದ್ದೇನೆ. ಬೈಯುವುದಾದರೆ ಈಗಲೇ ಬೈದುಬಿಡು, ಶಿಕ್ಷಕರ ತರಬೇತಿ ಎಂದು ಹೇಳಿ ಬಂದದ್ದು ಸುಳ್ಳು. ಅಪ್ಪನ ಪೆಟ್ಟಿಗೆಯ ತಳಕ್ಕೆ ಹಾಸಿದ್ದ ಕಾಗದದ ಕೆಳಗೆ ಈ ಗ್ರಂಥಾಲಯದವರು ಕೊಟ್ಟಿದ್ದ ಅನುಮತಿ ಪತ್ರ ಸಿಕ್ಕಿತು. ಅಪ್ಪ ಮನೆ ಬಿಟ್ಟ ವಾರದ್ದೇ ತಾರೀಖು. ಹತ್ತೊಂಬತ್ತು ವರ್ಷದಿಂದ ಚಿಕ್ಕಮ್ಮ "ಎಲ್ಲೋ ಇನ್ನೊಂದು ಸಂಸಾರ ಮಾಡ್ಕೊಂಡಿದಾರೆ ಬಿಡು" ಎನ್ನುತ್ತಲೇ ಇದ್ದಾಳೆ. ನೀನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅಪ್ಪ ನಿನ್ನನ್ನು ಬಿಟ್ಟು ಹೋದರೋ ಇಲ್ಲವೋ, ಅದೊಂದನ್ನು ತಿಳಿದುಕೊಳ್ಳಲು ಬಂದೆ.

ಇಲ್ಲಿ ಕಥೆ ಕಾದಂಬರಿ ಒಂದೂ ಇಲ್ಲ. ಹಳೆಯ ಬಾವಿ, ಕಾಲುವೆ, ತೊಟ್ಟಿಗಳ ನಕ್ಷೆಗಳು ಮತ್ತು ಅಳತೆ ಪುಸ್ತಕಗಳು, ಅಷ್ಟೇ. ನೀರಿನ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದ ಅಪ್ಪನಿಗೆ ಇದು ತವರುಮನೆಯೇ ಆಗಿರಬೇಕು. ಗ್ರಂಥಪಾಲಕರು ವಯಸ್ಸಾದವರು, ಮೆಲುಮಾತಿನವರು. ಪುಟ ಮುಟ್ಟುವ ಮೊದಲು ನನ್ನ ಕೈ ತೊಳೆಸಿದರು, ಅದೂ ಎರಡು ಸಲ. ಕಟ್ಟಡದ ಹಿಂದೆಯೇ ಹಳೆಯ ಕೋಟೆಗೋಡೆ, ಒಂದು ಕಾವಲು ಗೋಪುರ, ಅದರ ಬುಡದಲ್ಲಿ ನೆಲದಡಿಯ ತೊಟ್ಟಿಗೆ ಇಳಿಯುವ ಮೆಟ್ಟಿಲುಗಳು. ಅಲ್ಲಿಗೆ ಇಳಿಯುವವರಿಗೆ ಒಂದು ನಿಯಮವಿದೆ. ಇಳಿಯುವ ಮೊದಲು, ಹಿಂದಿನವರು ಎಣಿಸಿದ ಮೆಟ್ಟಿಲುಗಳ ಸಂಖ್ಯೆಯನ್ನು ದಾಖಲೆ ಪುಸ್ತಕದ ಮೊದಲ ಅಂಕಣದಲ್ಲಿ ಬರೆದು ಸಹಿ ಹಾಕಬೇಕು. ಹತ್ತಿ ಬಂದ ಮೇಲೆ ತಾವು ಎಣಿಸಿದ್ದನ್ನು ಎರಡನೆಯದರಲ್ಲಿ ಬರೆಯಬೇಕು. ನನ್ನಂಥ ಲೆಕ್ಕದ ಟೀಚರಿಗೆ ಹೇಳಿ ಮಾಡಿಸಿದ ನಿಯಮ ಎಂದು ನಕ್ಕೆ.

ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಮೊದಲ ಪುಟಗಳಲ್ಲೆಲ್ಲ ಅರವತ್ತೆಂಟು. ಒಂದು ಕಡೆ ಎರಡನೆಯ ಅಂಕಣ ಖಾಲಿ, ಅಲ್ಲಿಂದ ಮುಂದೆ ಎಲ್ಲರದೂ ಅರವತ್ತೊಂಬತ್ತು. ಇನ್ನೊಂದು ಖಾಲಿ, ಆಮೇಲೆ ಎಪ್ಪತ್ತು. ಹೀಗೆ ಖಾಲಿ ಬಿದ್ದ ನಾಲ್ಕು ಸಾಲುಗಳಿವೆ. ನಾಲ್ಕನೆಯದು ಅಪ್ಪನದು. ಅದೇ ಹಿಂದಕ್ಕೆ ವಾಲಿದ ಅಕ್ಷರ. ಮೊದಲ ಅಂಕಣದಲ್ಲಿ ಎಪ್ಪತ್ತೊಂದು, ಎರಡನೆಯದರಲ್ಲಿ ಏನೂ ಇಲ್ಲ. ಷರಾ ಬರೆಯುವ ಜಾಗದಲ್ಲಿ ಇಷ್ಟು: "ಬೇಗ ಮುಗಿಸಬೇಕು. ಐದರ ಬಸ್ಸು. ಮನೆಯಲ್ಲಿ ಕಾಯುತ್ತಿರುತ್ತಾಳೆ." ಅಮ್ಮಾ, ಇದನ್ನು ಇನ್ನೊಮ್ಮೆ ಓದು. ಅವರು ಹತ್ತಿ ಬಾರದಿದ್ದಾಗ ಗ್ರಂಥಾಲಯದವರು ತೊಟ್ಟಿಯ ನೀರನ್ನೆಲ್ಲ ಪಂಪಿನಿಂದ ತೆಗೆಸಿದರಂತೆ, ಏನೂ ಸಿಗಲಿಲ್ಲ. ನಮಗೆ ಕಾಗದ ಹಾಕಿದರಂತೆ, ವಾಪಸು ಬಂತು. ಇಲಾಖೆಯ ಕೆಲಸವನ್ನೆಲ್ಲ ಅಚ್ಚುಕಟ್ಟಾಗಿ ಮಾಡುತ್ತಿದ್ದ ಮಹಾರಾಯರು ಇಲ್ಲಿ ನಮ್ಮ ಹಳೆಯ ಬಾಡಿಗೆ ಮನೆಯ ವಿಳಾಸ ಕೊಟ್ಟಿದ್ದರು. ಮೆಟ್ಟಿಲು ಹೇಗೆ ಹೆಚ್ಚಾಯಿತು ಎಂದು ಕೇಳಿದೆ. "ಕಲ್ಲು ಎಲ್ಲಿಂದ ಬರುತ್ತೆ ಅಂತ ನಾವು ಕೇಳಲ್ಲಮ್ಮ. ಬರ್ಕೊಳ್ತೀವಿ, ಅಷ್ಟೇ" ಎಂದರು ಗ್ರಂಥಪಾಲಕರು.

ಬೆಳಗ್ಗೆ ಹನ್ನೊಂದಕ್ಕೆ, ಒಳ್ಳೆಯ ಬಿಸಿಲಿನಲ್ಲಿ ಇಳಿದೆ. ಟಾರ್ಚು ಹಿಡಿದು, ಗಟ್ಟಿಯಾಗಿ ಎಣಿಸುತ್ತ. ಕೆಳಗೆ ಹೋದಂತೆ ಚಳಿ, ಪಾಚಿ, ಎಲ್ಲ ಕಲ್ಲುಗಳೂ ನಡು ಸವೆದು ತಗ್ಗಾಗಿವೆ. ಎಪ್ಪತ್ತೆರಡನೆಯದರ ಮೇಲೆ ಪಾಚಿ ಇಲ್ಲ. ಅದು ಎಡಗಡೆ ಮಾತ್ರ ಸವೆದಿದೆ, ಕಾಲೆಳೆದು ನಡೆಯುವವರ ಹೊಸ್ತಿಲಿನಂತೆ. ಅಪಘಾತವಾದ ಮೇಲೆ ಅಪ್ಪ ಯಾವ ಕಾಲು ಎಳೆಯುತ್ತಿದ್ದರೆಂದು ನಾನು ನಿನಗೆ ಹೇಳಬೇಕಾಗಿಲ್ಲ. ಅಂಗೈ ಇಟ್ಟು ನೋಡಿದೆ, ಬೆಚ್ಚಗಿತ್ತು. ಹೆದರಿಕೆ ಆಗಬೇಕಿತ್ತು, ಆಯಿತು ಕೂಡ, ಆದರೆ ಅದಕ್ಕಿಂತ ಮೊದಲು ಅಳು ಬಂತು. ಅಲ್ಲೇ ಒಂದು ನಿಮಿಷ ಕೂತೆ. ಮೇಲೆ ಬಂದಾಗ ಎರಡೂವರೆ ಆಗಿತ್ತು. ಗ್ರಂಥಪಾಲಕರು ಮೂರು ಸಲ ಕೂಗಿದರಂತೆ, ನನಗೆ ಕೇಳಿಸಿದ್ದು ಒಂದೇ ಸಲ. ಪುಸ್ತಕ ತೆರೆದು ಪೆನ್ನನ್ನು ನನ್ನ ಕೈಗಿಟ್ಟರು. ನನ್ನ ಎರಡನೆಯ ಅಂಕಣವನ್ನು ನಾನು ಕೂಡಲೇ ತುಂಬಿದೆ.

ತಮ್ಮನಿಗೆ ಇದನ್ನು ಈಗಲೇ ಹೇಳಬೇಡ, ಅವನು ಹೊರಟುಬಂದಾನು. ಅವನ ಪುಟ್ಟಿಗೆ ನನ್ನ ಮುತ್ತು. ನಿನ್ನ ಪಾದಕ್ಕೆ ನಮಸ್ಕಾರ.

ನಿನ್ನ ದೊಡ್ಡವಳು

ತಾ.ಕ.: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಖಾಲಿ ಅಂಕಣವನ್ನು ಮನೆಯವರು ತುಂಬಬಹುದಂತೆ, ನಿಯಮದಲ್ಲಿದೆ. ಇದಕ್ಕೂ ಹಿಂದಿನ ದಾಖಲೆ ಪುಸ್ತಕದಲ್ಲಿ ಹೀಗೆ ಖಾಲಿ ಬಿಟ್ಟ ಐದನೆಯವರೊಬ್ಬರಿದ್ದರಂತೆ, ಅವರ ಹೆಂಡತಿ ಬಂದು ತುಂಬಿದರಂತೆ. ಮರುದಿನ ಎಣಿಸಿದರೆ ಒಂದು ಮೆಟ್ಟಿಲು ಕಡಿಮೆ. ಆದರೆ ಆತ ಮನೆಗೆ ಬರಲೇ ಇಲ್ಲ. ಅಪ್ಪನ ಸಾಲಿನ ಮುಂದೆ ಪೆನ್ನು ಹಿಡಿದು ಕೂತು ಅರ್ಧ ಗಂಟೆಯಾಯಿತು. ಬರೆದರೆ ಅವರಿಗೆ ಬಿಡುಗಡೆಯೋ, ಇಲ್ಲ ಆ ಬೆಚ್ಚಗಿನ ಕಲ್ಲೂ ನಮಗೆ ಇಲ್ಲವಾಗುವುದೋ, ನನಗೆ ತಿಳಿಯದು. ನಿನ್ನ ಉತ್ತರ ಬರುವವರೆಗೆ ಇಲ್ಲೇ ಇರುತ್ತೇನೆ. ಬರೆ, ಬೇಡ, ಎರಡರಲ್ಲಿ ಒಂದು ಮಾತು ಸಾಕು. ನನಗೆ ಅಪ್ಪ ಆಗುವ ಮೊದಲು ಅವರು ನಿನ್ನ ಗಂಡ.